ಕರುಣೆಯೂ ಒಂದು ಅಭ್ಯಾಸ

ಬುದ್ಧ ಒಮ್ಮೆ ಆನಂದನ ಜೊತೆ ಭಿಕ್ಷುಗಳ ವಸತಿಗಳನ್ನು ನೋಡುತ್ತ ಬರುತ್ತಿದ್ದ. ಒಂದು ಕೋಣೆಯಲ್ಲಿ ಭಿಕ್ಷುವೊಬ್ಬ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಭೇದಿ ಹತ್ತಿ ನಿತ್ರಾಣನಾಗಿದ್ದ. ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಬುದ್ಧ ಕೇಳಿದ. ಇಲ್ಲ ಎಂದ ಆತ, ಕಾರಣವನ್ನೂ ತಾನೇ ಹೇಳಿದ: ಬೇರೆ ಭಿಕ್ಷುಗಳಿಗೆ ತಾನು ಯಾವತ್ತೂ ಏನೂ ಮಾಡಿಕೊಟ್ಟವನಲ್ಲ, ಹಾಗಾಗಿ ಅವರೂ ತನ್ನನ್ನು ಕೇಳುವುದಿಲ್ಲ. ಬುದ್ಧ ಆನಂದನಿಂದ ನೀರು ತರಿಸಿದ. ಬುದ್ಧ ನೀರು ಹಾಕಿದ, ಆನಂದ ಮೈ ತೊಳೆದ. ಒಬ್ಬ ತಲೆಯ ಕಡೆ, ಇನ್ನೊಬ್ಬ ಕಾಲಿನ ಕಡೆ ಹಿಡಿದು ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು.

ವಿನಯಪಿಟಕದ ಮಹಾವಗ್ಗದಲ್ಲಿರುವ ಈ ಪ್ರಸಂಗ ಇಲ್ಲಿಗೆ ಮುಗಿದಿದ್ದರೆ ಅದೊಂದು ಮನ ಕರಗಿಸುವ ಕತೆಯಾಗಿ ಉಳಿಯುತ್ತಿತ್ತು. ಆಮೇಲೆ ಬುದ್ಧ ಮಾಡಿದ್ದು ಇನ್ನೂ ಮುಖ್ಯ. ಭಿಕ್ಷುಗಳನ್ನೆಲ್ಲ ಸೇರಿಸಿದ. ಇಲ್ಲಿ ನಿಮಗೆ ತಾಯಿಯಿಲ್ಲ, ತಂದೆಯಿಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ. ಆಮೇಲೆ ನಿಯಮ ಹಾಕಿಕೊಟ್ಟ. ಶಿಷ್ಯ ಹಾಸಿಗೆ ಹಿಡಿದರೆ ಅವನು ಏಳುವವರೆಗೆ ಗುರು ಆರೈಕೆ ಮಾಡಬೇಕು, ಗುರು ಹಾಸಿಗೆ ಹಿಡಿದರೆ ಶಿಷ್ಯ. ಯಾರೂ ಇಲ್ಲದವನಿಗೆ ಇಡೀ ಸಂಘವೇ ಹೊಣೆ. ಒಳ್ಳೆಯ ಆರೈಕೆಗಾರ ಹೇಗಿರಬೇಕೆಂದೂ ಐದು ಅಂಶಗಳಲ್ಲಿ ಹೇಳಿದ. ಔಷಧಿ ತಯಾರಿಸಲು ಬರಬೇಕು. ರೋಗಿಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದು ಗೊತ್ತಿರಬೇಕು. ಮಲ, ಮೂತ್ರ, ವಾಂತಿಗೆ ಅಸಹ್ಯಪಡಬಾರದು. ಒಳ್ಳೆಯ ಮಾತಾಡಿ ಧೈರ್ಯ ತುಂಬಬೇಕು. ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ಮಾಡಬೇಕು. ಮೈತ್ರಿ ಈ ಪಟ್ಟಿಯಲ್ಲಿದೆ, ಆದರೆ ಕೈಯಿಂದ ಮಾಡುವ ಕೆಲಸಗಳ ಜೊತೆಯಲ್ಲಿದೆ.

ಮೊದಲು ಮನಸ್ಸು ಕರಗಬೇಕೋ, ಮೊದಲು ಕೈ ಚಾಚಬೇಕೋ? ಕರುಣೆ ಹುಟ್ಟುಗುಣವೋ, ಕಲಿತು ಬರುವಂಥದ್ದೋ? ಧರ್ಮಗಳು ಸಾವಿರಾರು ವರ್ಷಗಳಿಂದ ಕೇಳಿಕೊಂಡು ಬಂದ ಈ ಪ್ರಶ್ನೆಯನ್ನು ಕಳೆದ ನೂರು ವರ್ಷಗಳಲ್ಲಿ ವರ್ತನಾ ಮನೋಚಿಕಿತ್ಸೆಯೂ ಬೇರೊಂದು ಬಾಗಿಲಿನಿಂದ ಬಂದು ಎತ್ತಿಕೊಂಡಿದೆ. ಎರಡರ ಉತ್ತರಗಳು ಎಷ್ಟು ಹತ್ತಿರದಲ್ಲಿವೆ ಎಂದು ತಿಳಿಯಲು ಕೋಲಾರ ಜಿಲ್ಲೆಯ ಮಾರಿಕುಪ್ಪಂ ಒಳ್ಳೆಯ ಜಾಗ.

ಬಂಗಾರಪೇಟೆಯಿಂದ ಕವಲೊಡೆದ ರೈಲು ಹಳಿ ಊರಿಗಾಂ, ಚಾಂಪಿಯನ್ ರೀಫ್ಸ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟಿನ ಕಡೆಯಿಂದ ಸಾವಿರಾರು ದಲಿತ ಕುಟುಂಬಗಳು ಇಲ್ಲಿಗೆ ವಲಸೆ ಬಂದವು. ಗಂಡಸರು ಶಾಫ್ಟ್ ಇಳಿದರು, ಸಂಸಾರಗಳು ಕಂಪನಿಯ ಲೈನ್ ಮನೆಗಳಲ್ಲಿ ನೆಲೆಸಿದವು. ಭೂಮಿಯ ಒತ್ತಡಕ್ಕೆ ಬಂಡೆ ಸಿಡಿಯುವುದಕ್ಕೆ ಗಣಿಯವರು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಅದರಲ್ಲಿ ಉಳಿದವರನ್ನು ಕಲ್ಲಿನ ದೂಳು ಕಾಡಿತು. ಆ ದೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರ ಗಣಿಗಳಿಂದ ಎಂದು ನಮ್ಮ ವೈದ್ಯಕೀಯ ಪಠ್ಯಪುಸ್ತಕಗಳು ಹೇಳುತ್ತವೆ.

ಈ ಲೈನ್ ಮನೆಗಳಿಗೆ 20ನೇ ಶತಮಾನದ ಆರಂಭದಲ್ಲೇ ಬೌದ್ಧ ಧರ್ಮ ಬಂತು. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲು. ತಂದವರು ಪಂಡಿತ ಅಯೋತ್ತಿದಾಸ. 1845ರಲ್ಲಿ ಹುಟ್ಟಿದ ಅವರು ಸಿದ್ಧ ವೈದ್ಯರು, ತಮಿಳು ವಿದ್ವಾಂಸರು. 1898ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ಜೊತೆ ಕೊಲಂಬೊಗೆ ಹೋಗಿ ಪಂಚಶೀಲ ಸ್ವೀಕರಿಸಿ ಬಂದರು, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ವಾರಪತ್ರಿಕೆ ಶುರುಮಾಡಿದರು. ಸಂಘದ ಶಾಖೆಗಳು ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಬೇರುಬಿಟ್ಟವು. 1914ರಲ್ಲಿ ಪಂಡಿತರು ತೀರಿಕೊಂಡರು. ನಿಂತುಹೋಗಿದ್ದ ಪತ್ರಿಕೆಯನ್ನು 1926ರಲ್ಲಿ ಜಿ. ಅಪ್ಪಾದುರೈಯಾರ್ ಚಾಂಪಿಯನ್ ರೀಫ್ಸ್‌ನಿಂದ ಮತ್ತೆ ಹೊರತಂದರು. ಅಲ್ಲಿಯ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಸಣ್ಣ ಸಣ್ಣ ಪುಸ್ತಿಕೆಗಳಾಗಿ ಅಚ್ಚು ಹಾಕಿ ಹಂಚಿತು. ಇದೇ ಗಣಿ ಬೌದ್ಧರ ಚರಿತ್ರೆಯನ್ನು ಸಂಶೋಧಕ ಜಿ. ಅಲೋಷಿಯಸ್ 1998ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಈ ಸಂಘಗಳ ರೀತಿನೀತಿ ಗಮನಿಸಬೇಕು. ಸದಸ್ಯರು ಸಭೆ ಸೇರುತ್ತಿದ್ದರು, ಪಂಚಶೀಲ ಹೇಳುತ್ತಿದ್ದರು, ಉಪನ್ಯಾಸ ಕೇಳುತ್ತಿದ್ದರು, ಪತ್ರಿಕೆ ಓದುತ್ತಿದ್ದರು. ಮದುವೆ, ಶವಸಂಸ್ಕಾರಗಳನ್ನು ತಾವೇ ಬೌದ್ಧ ವಿಧಿಯಲ್ಲಿ ನಡೆಸುತ್ತಿದ್ದರು. ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಪಂಚಶೀಲಗಳು ಮೇಲಿನಿಂದ ಬಿದ್ದ ಆಜ್ಞೆಗಳಲ್ಲ. ಕೊಲ್ಲದೆ, ಕದಿಯದೆ, ವ್ಯಭಿಚಾರ ಮಾಡದೆ, ಸುಳ್ಳಾಡದೆ, ಕುಡಿಯದೆ ಇರುವುದನ್ನು ಅಭ್ಯಾಸ ಮಾಡುತ್ತೇನೆಂದು ಮನುಷ್ಯ ತಾನೇ ಒಪ್ಪಿಕೊಂಡು ದಿನದಿನವೂ ನೆನಪಿಸಿಕೊಳ್ಳುವ ಪಾಠಗಳು. ಸಾರಾಯಿ ಅಂಗಡಿಗಳ ನಡುವೆ, ಪಾಳಿ ಮುಗಿಸಿ ಬಂದ ದಣಿವಿನಲ್ಲಿ ಇದನ್ನು ವಾರ ವಾರವೂ ಹೇಳಿ ನಡೆದವರಿಗೆ ಧರ್ಮ ಎಂದರೆ ನಡವಳಿಕೆಯ ತರಬೇತಿ ಎಂದು ಯಾರೂ ವಿವರಿಸಬೇಕಿರಲಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಆಳವಾದದ್ದು. ಇವರೆಲ್ಲ ಊರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರು. ತನ್ನ ಬಗ್ಗೆ ತನಗೇ ಗೌರವ ಇಲ್ಲದಂತೆ ಬೆಳೆಸಿದ ಮನುಷ್ಯನಿಗೆ ಇನ್ನೊಬ್ಬರ ಮೇಲೆ ಕರುಣೆ ತೋರು ಎಂದು ಬೋಧಿಸುವುದು ಅನ್ಯಾಯ. ನೀವು ಕೀಳಲ್ಲ, ಈ ನೆಲದ ಮೂಲ ಬೌದ್ಧರು ಎಂದು ಅಯೋತ್ತಿದಾಸರು ಹೇಳಿದ್ದರ ಶಕ್ತಿ ಇದ್ದದ್ದು ಇಲ್ಲೇ. ಚರಿತ್ರೆಯ ದೃಷ್ಟಿಯಿಂದ ಆ ವಾದವನ್ನು ಎಷ್ಟು ಬೇಕಾದರೂ ಚರ್ಚಿಸಬಹುದು. ಆದರೆ ತಲೆ ಎತ್ತಿ ನಿಲ್ಲಲು ಅದು ಕೊಟ್ಟ ಬಲ ಸಣ್ಣದಲ್ಲ. 1930ರಲ್ಲಿ ಕಂಪನಿ ಬೆರಳಚ್ಚು ಕೊಡಲೇಬೇಕೆಂದಾಗ ತಾವೇನು ಅಪರಾಧಿಗಳೇ ಎಂದು ಸಾವಿರಾರು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಗುಳಿದರು. ಕೂಲಿಯ ಲೆಕ್ಕಕ್ಕಿಂತ ಮರ್ಯಾದೆಯ ಲೆಕ್ಕ ದೊಡ್ಡದಾಗಿ ಕಂಡ ಮುಷ್ಕರ ಅದು.

ತನ್ನಿಂದಲೇ ಶುರು ಮಾಡಬೇಕು ಎಂಬುದು ಬೌದ್ಧ ಸಾಧನೆಯ ಹಳೆಯ ಕ್ರಮ. 5ನೇ ಶತಮಾನದಲ್ಲಿ ಶ್ರೀಲಂಕೆಯ ಅನುರಾಧಪುರದಲ್ಲಿ ಬುದ್ಧಘೋಷ ಬರೆದ ‘ವಿಸುದ್ಧಿಮಗ್ಗ’ದ ಒಂಬತ್ತನೆಯ ಅಧ್ಯಾಯ ಮೈತ್ರಿಯನ್ನು ಬೆಳೆಸುವ ಬಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಮೊದಲು ತನಗೆ ತಾನು ಒಳಿತು ಬಯಸಬೇಕು. ಆಮೇಲೆ ತಾನು ಗೌರವಿಸುವ ಗುರುವಿಗೆ, ಆಮೇಲೆ ಆಪ್ತ ಗೆಳೆಯನಿಗೆ. ಅದು ಸಲೀಸಾದ ಮೇಲೆ ಪ್ರೀತಿಯೂ ಇಲ್ಲದ, ದ್ವೇಷವೂ ಇಲ್ಲದ ಯಾರೋ ಒಬ್ಬರಿಗೆ. ಕಟ್ಟಕಡೆಗೆ ಹಗೆಗೆ. ಶುರುವಿನಲ್ಲೇ ಹಗೆಯನ್ನು ನೆನೆದು ಕೂರಬೇಡ ಎಂದು ಬುದ್ಧಘೋಷ ಸ್ಪಷ್ಟವಾಗಿ ಎಚ್ಚರಿಸುತ್ತಾನೆ. ನೆನೆದರೆ ಸಿಟ್ಟೇ ಬರುತ್ತದೆ. ಒಂದು ಮೆಟ್ಟಿಲಲ್ಲಿ ಮನಸ್ಸು ಮೃದುವಾಗಿ ಒಗ್ಗಿದ ಮೇಲೆಯೇ ಮುಂದಿನದು.

ಮನೋಚಿಕಿತ್ಸೆ ಓದಿದವರಿಗೆ ಈ ಕ್ರಮ ತೀರ ಪರಿಚಿತ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಭಯ ಬಿಡಿಸಿದ್ದು ಹೀಗೆಯೇ. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಹತ್ತಿರ ತಂದರು. 1958ರಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಇದನ್ನೇ ಪೂರ್ಣ ಪ್ರಮಾಣದ ಚಿಕಿತ್ಸೆಯಾಗಿ ರೂಪಿಸಿದರು: ರೋಗಿ ತನ್ನ ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಪಟ್ಟಿ ಮಾಡಬೇಕು, ಮೈಮನಸ್ಸು ಸಡಿಲವಾಗಿರುವಾಗ ಕೆಳಗಿನ ಮೆಟ್ಟಿಲಿನಿಂದ ಒಂದೊಂದನ್ನೇ ಎದುರಿಸಬೇಕು. ವೋಲ್ಪೆ ಇಳಿಸಿದ್ದು ಭಯವನ್ನು, ಬುದ್ಧಘೋಷ ಇಳಿಸಿದ್ದು ದ್ವೇಷವನ್ನು. ಲಂಡನ್ನಿನಲ್ಲಿದ್ದ ಶ್ರೀಲಂಕಾ ಮೂಲದ ಮನಶ್ಶಾಸ್ತ್ರಜ್ಞ ಪದ್ಮಲ್ ಡಿ ಸಿಲ್ವ 1984ರಲ್ಲಿ ಈ ಹೋಲಿಕೆಗಳನ್ನು ವರ್ತನಾ ಚಿಕಿತ್ಸೆಯ ಪ್ರಮುಖ ಪತ್ರಿಕೆಯೊಂದರಲ್ಲಿ ವಿವರವಾಗಿ ಬರೆದರು. ಹಳೆಯ ಬೌದ್ಧ ಗ್ರಂಥಗಳಲ್ಲಿ ನಡವಳಿಕೆ ಬದಲಿಸುವ ತಂತ್ರಗಳು ಹೇರಳವಾಗಿವೆ, ಅವನ್ನು ಇಂದಿನ ಚಿಕಿತ್ಸಾಲಯದಲ್ಲೂ ಪರೀಕ್ಷೆಗೆ ಒಡ್ಡಬೇಕು ಎಂಬುದು ಅವರ ವಾದ.

‘ತನ್ನಿಂದ ಶುರು’ ಎಂಬ ಮಾತು ಚಿಕಿತ್ಸಾಲಯದಲ್ಲೂ ತಡವಾಗಿ ಅರ್ಥವಾಯಿತು. ಬ್ರಿಟನ್ನಿನ ಪಾಲ್ ಗಿಲ್ಬರ್ಟ್ ಖಿನ್ನತೆಯ ರೋಗಿಗಳಿಗೆ ಚಿಂತನೆ ಬದಲಿಸುವ ಚಿಕಿತ್ಸೆ ಕೊಡುವಾಗ ಒಂದು ವಿಚಿತ್ರ ಕಂಡರು. ‘ನೀನು ಅಪ್ರಯೋಜಕನಲ್ಲ’ ಎಂಬ ಮಾತನ್ನು ರೋಗಿಗಳು ತರ್ಕದಿಂದ ಒಪ್ಪಿ ಬರೆದುಕೊಳ್ಳುತ್ತಿದ್ದರು. ಆದರೆ ಒಳಗೆ ಅದನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ದನಿ ಗದರಿಕೆಯದು, ತಿರಸ್ಕಾರದ್ದು. ಮಾತು ಬದಲಾದರೂ ದನಿ ಬದಲಾಗದೆ ಗುಣ ಕಾಣಲಿಲ್ಲ. ಹಾಗಾಗಿ ಅವಮಾನ, ಆತ್ಮನಿಂದೆಗಳಲ್ಲಿ ಬೆಂದವರಿಗೆ ತಮ್ಮ ಮೇಲೆಯೇ ಕರುಣೆ ತಾಳುವುದನ್ನು ಕಲಿಸುವ ಚಿಕಿತ್ಸೆಯನ್ನು ಅವರು ಕಟ್ಟಿದರು. ಮಾರಿಕುಪ್ಪಂನ ಗಣಿ ಕಾರ್ಮಿಕರು ಸಂಘ ಕಟ್ಟಿಕೊಂಡು ಒಟ್ಟಾಗಿ ಮಾಡಿದ್ದನ್ನು ಇಲ್ಲಿ ಒಬ್ಬೊಬ್ಬ ರೋಗಿ ಚಿಕಿತ್ಸಕರ ಮುಂದೆ ಕುಳಿತು ಮಾಡುತ್ತಾನೆ.

‘ವಿಸುದ್ಧಿಮಗ್ಗ’ದಲ್ಲಿ ಇನ್ನೊಂದು ಅಚ್ಚರಿಯಿದೆ. ಹಗೆಯ ಮೇಲಿನ ಸಿಟ್ಟು ಇಳಿಯದಿದ್ದರೆ ಏನು ಮಾಡಬೇಕು? ಬುದ್ಧಘೋಷ ಉಪಾಯಗಳ ಸಾಲನ್ನೇ ಕೊಡುತ್ತಾನೆ. ಅವನ ಒಂದಾದರೂ ಒಳ್ಳೆಯ ಗುಣ ನೆನೆ. ಸಿಟ್ಟು ಮೊದಲು ಸುಡುವುದು ನಿನ್ನನ್ನೇ ಎಂದು ನೆನೆ. ಅನಾದಿಯಾದ ಈ ಸಂಸಾರದಲ್ಲಿ ಯಾವುದೋ ಜನ್ಮದಲ್ಲಿ ಅವನು ನಿನ್ನ ತಾಯಿಯೇ ಆಗಿದ್ದಿರಬಹುದು ಎಂದು ನೆನೆ. ಯಾವುದೂ ಫಲಿಸದಿದ್ದರೆ ನೆನೆಯುವುದನ್ನು ಬಿಡು, ಅವನಿಗೆ ಏನಾದರೂ ಕೊಡು, ಇಲ್ಲವೇ ಅವನಿಂದ ಏನಾದರೂ ತೆಗೆದುಕೋ. ಉದಾಹರಣೆಯಾಗಿ ಚಿತ್ತಲಪಬ್ಬತ ವಿಹಾರದ ಘಟನೆಯೊಂದನ್ನು ಹೇಳುತ್ತಾನೆ. ಹಿರಿಯ ಥೇರನೊಬ್ಬ ಒಬ್ಬ ಭಿಕ್ಷುವನ್ನು ಅವನ ವಸತಿಯಿಂದ ಮೂರು ಸಲ ಎಬ್ಬಿಸಿ ಕಳಿಸಿದ್ದ. ಆ ಭಿಕ್ಷು ಒಂದು ದಿನ ತನ್ನ ಭಿಕ್ಷಾಪಾತ್ರೆಯನ್ನು ತಂದು ಅದೇ ಥೇರನ ಕೈಗಿತ್ತ. ಬೆಲೆಬಾಳುವ ಪಾತ್ರೆ. ಉಪಾಸಿಕೆಯಾದ ತಾಯಿ ಕೊಟ್ಟದ್ದು, ನ್ಯಾಯವಾಗಿ ಬಂದದ್ದು, ಸ್ವೀಕರಿಸಿದರೆ ಆಕೆಗೆ ಪುಣ್ಯ ಬರುತ್ತದೆ ಎಂದು ಹೇಳಿ ಕೊಟ್ಟ. ಕೊಟ್ಟವನ ಸಿಟ್ಟು, ಪಡೆದವನ ಸಿಟ್ಟು ಎರಡೂ ಕರಗುವ ದಾರಿ ಇದು ಎನ್ನುತ್ತಾನೆ ಬುದ್ಧಘೋಷ.

ಮನಸ್ಸು ಒಪ್ಪದಿದ್ದಾಗ ಕೈಯನ್ನು ಮುಂದೆ ಬಿಡು ಎಂಬ ಈ ಸಲಹೆಗೆ ಪ್ರಯೋಗದ ಬೆಂಬಲವೂ ಇದೆ. 1969ರಲ್ಲಿ ಜಾನ್ ಜೆಕರ್ ಮತ್ತು ಡೇವಿಡ್ ಲ್ಯಾಂಡಿ ಎಂಬ ಸಂಶೋಧಕರು ಒಂದು ಸ್ಪರ್ಧೆಯಲ್ಲಿ ಹಣ ಗೆದ್ದವರ ಪೈಕಿ ಕೆಲವರ ಬಳಿ, ಪ್ರಯೋಗಕ್ಕೆ ಸ್ವಂತ ದುಡ್ಡು ಹಾಕಿದ್ದೇನೆ, ವಾಪಸ್ ಕೊಡುತ್ತೀರಾ ಎಂದು ಪ್ರಯೋಗ ನಡೆಸಿದವನಿಂದಲೇ ಕೇಳಿಸಿದರು. ಹಾಗೆ ಕೊಟ್ಟು ಉಪಕಾರ ಮಾಡಿದವರು, ಹಣ ತಮ್ಮಲ್ಲೇ ಉಳಿಸಿಕೊಂಡವರಿಗಿಂತ ಆತನನ್ನು ಹೆಚ್ಚು ಇಷ್ಟಪಟ್ಟರು. ನಾವು ಇಷ್ಟಪಟ್ಟವರಿಗೆ ಸಹಾಯ ಮಾಡುತ್ತೇವೆ ಎಂಬುದು ನಿಜ. ಸಹಾಯ ಮಾಡಿದವರನ್ನು ಇಷ್ಟಪಡತೊಡಗುತ್ತೇವೆ ಎಂಬುದೂ ಅಷ್ಟೇ ನಿಜ.

ಹಾಗಾದರೆ ಒಳ್ಳೆಯ ಮನಸ್ಸಿನವರೂ ಎಷ್ಟೋ ಸಲ ಯಾಕೆ ಸುಮ್ಮನೆ ನಿಲ್ಲುತ್ತಾರೆ? 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರ ಯುವಕನೊಬ್ಬ ರಕ್ತದ ಮಡುವಿನಲ್ಲಿ ಸಹಾಯ ಕೇಳುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಯುವಕ ಉಳಿಯಲಿಲ್ಲ. ‘ಮಾನವೀಯತೆ ಸತ್ತಿದೆ’ ಎಂದು ರಾಜ್ಯವೆಲ್ಲ ಮರುಗಿತು. ಆ ತೀರ್ಪು ಹೇಳುವುದು ಸುಲಭ. ಆದರೆ ಅದರಿಂದ ಮುಂದಿನ ಗಾಯಾಳುವಿಗೆ ಏನೂ ಪ್ರಯೋಜನವಿಲ್ಲ.

1973ರಲ್ಲಿ ಪ್ರಿನ್ಸ್‌ಟನ್ನಿನ ಪಾದ್ರಿ ಶಿಕ್ಷಣ ಸಂಸ್ಥೆಯಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ನಡೆಸಿದ ಪ್ರಯೋಗ ಈ ವಿಷಯದಲ್ಲಿ ಎಲ್ಲ ಧರ್ಮದವರೂ ಓದಬೇಕಾದದ್ದು. 40 ವಿದ್ಯಾರ್ಥಿಗಳು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಬೇಕಿತ್ತು. ಕೆಲವರ ಭಾಷಣದ ವಿಷಯ ಬೈಬಲ್ಲಿನ ಒಳ್ಳೆಯ ಸಮಾರಿಯದವನ ಸಾಮತಿ, ಅಂದರೆ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಕೈಹಿಡಿದವನ ಕತೆ. ದಾರಿಯ ಓಣಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ, ನರಳುತ್ತ ಕುಸಿದು ಕೂತಿದ್ದ. ಸಮಯ ಬೇಕಾದಷ್ಟಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇ 63 ಮಂದಿ ನಿಂತು ನೆರವಾದರು. ಸರಿಯಾದ ಸಮಯಕ್ಕೆ ಹೊರಟವರಲ್ಲಿ ಶೇ 45. ಆಗಲೇ ತಡವಾಗಿದೆ, ಓಡಿ ಎಂದು ಹೇಳಿ ಕಳಿಸಿದವರಲ್ಲಿ ಕೇವಲ ಶೇ 10. ಸಮಾರಿಯದವನ ಬಗ್ಗೆಯೇ ಮಾತಾಡಲು ಹೊರಟವರೂ ಬೇರೆಯವರಿಗಿಂತ ಗಮನಾರ್ಹವಾಗಿ ಹೆಚ್ಚು ನೆರವಾಗಲಿಲ್ಲ. ಕೆಲವರು ಬಿದ್ದವನನ್ನು ದಾಟಿಕೊಂಡೇ ಹೋದರು. ಇವರು ಕಟುಕರಲ್ಲ. ನಿಲ್ಲುವ ಅಭ್ಯಾಸ ಕಾಲಿಗೆ ಇರಲಿಲ್ಲ, ಅವಸರದ ಅಭ್ಯಾಸ ಇತ್ತು.

ಬ್ಯಾಟ್ಸನ್ ಮುಂದೆ ಇನ್ನೊಂದು ವ್ಯತ್ಯಾಸವನ್ನೂ ತೋರಿಸಿದರು. ಇನ್ನೊಬ್ಬರ ನೋವು ಕಂಡಾಗ ಎರಡು ಬಗೆಯ ಕದಲಿಕೆ ಆಗುತ್ತದೆ. ಒಂದರಲ್ಲಿ ನೋಡುವವನಿಗೇ ಸಂಕಟ ಹತ್ತುತ್ತದೆ. ಅಲ್ಲಿಂದ ತಪ್ಪಿಸಿಕೊಳ್ಳಲು ದಾರಿ ಇದ್ದರೆ ಹೆಚ್ಚಿನವರು ಹೊರಟುಬಿಡುತ್ತಾರೆ. ಇನ್ನೊಂದರಲ್ಲಿ ಗಮನ ನೊಂದವನ ಮೇಲೆ ನೆಲೆಸುತ್ತದೆ. ಹೋಗಲು ದಾರಿ ಇದ್ದರೂ ಇವರು ನಿಲ್ಲುತ್ತಾರೆ. ಅಪಘಾತ ಕಂಡು ಮುಖ ತಿರುಗಿಸುವ ಎಷ್ಟೋ ಮಂದಿಗೆ ಭಾವನೆ ಇಲ್ಲವೆಂದಲ್ಲ, ಭಾವನೆಯನ್ನು ತಾಳಿಕೊಳ್ಳುವ ಬಲ ಇಲ್ಲ. ವರ್ತನಾ ಚಿಕಿತ್ಸೆಯ ಕೆಲಸ ಇಲ್ಲಿಂದ ಶುರುವಾಗುತ್ತದೆ: ಸಂಕಟದ ಎದುರು ಓಡಿಹೋಗದೆ ನಿಲ್ಲುವುದನ್ನು ಸ್ವಲ್ಪ ಸ್ವಲ್ಪವಾಗಿ ಕಲಿಸುವುದು.

ಚಿಕಿತ್ಸಕರು ಇದನ್ನು ಕಲಿಸುವ ರೀತಿ ಸರಳ. ಮೊದಲು ಮಾಡಿ ತೋರಿಸುತ್ತಾರೆ. ಆಮೇಲೆ ಪಾತ್ರ ಹಾಕಿ ಆಡಿಸುತ್ತಾರೆ: ನೀವು ರೋಗಿಯ ಮಗ, ನಾನು ರೋಗಿ, ಏನು ಕೇಳುತ್ತೀರಿ, ಎಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಳ್ಳುತ್ತೀರಿ? ಆಮೇಲೆ ಮನೆಗೆಲಸ ಕೊಡುತ್ತಾರೆ. ಈ ವಾರ ಒಬ್ಬರ ಮಾತನ್ನು ಅಡ್ಡ ಬಾಯಿ ಹಾಕದೆ ಕೇಳಿ ಬನ್ನಿ. ಮುಂದಿನ ವಾರ ಪಕ್ಕದ ಮನೆಯ ಅಜ್ಜಿಗೆ ಔಷಧಿ ತಂದುಕೊಡಿ. ಏನಾಯಿತು, ಏನನಿಸಿತು ಎಂದು ಬರೆದು ತನ್ನಿ. ಎಲ್ಲೂ ಉಪದೇಶವಿಲ್ಲ. ಮಾಡಿ ತೋರಿಸುವುದರ ಪ್ರಭಾವವೂ ಅಳತೆಗೆ ಸಿಕ್ಕಿದೆ. 1967ರಲ್ಲಿ ಅಮೆರಿಕದ ರಸ್ತೆಯೊಂದರಲ್ಲಿ ಟೈರ್ ಪಂಕ್ಚರ್ ಆಗಿ ನಿಂತ ಮಹಿಳೆಗೆ ನೆರವಾಗಲು 2,000 ವಾಹನಗಳ ಪೈಕಿ 35 ನಿಂತವು. ಸ್ವಲ್ಪ ಹಿಂದೆಯೇ ಮತ್ತೊಬ್ಬರು ಅಂಥದೇ ನೆರವು ನೀಡುತ್ತಿರುವ ದೃಶ್ಯ ಕಾಣುವಂತೆ ಮಾಡಿದಾಗ 2,000ದಲ್ಲಿ 58 ನಿಂತವು.

ಮೈತ್ರಿಯ ಅಭ್ಯಾಸವೂ ಪ್ರಯೋಗಾಲಯ ಹೊಕ್ಕಿತು. 2013ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹೆಲೆನ್ ವೆಂಗ್, ರಿಚರ್ಡ್ ಡೇವಿಡ್ಸನ್ ಮತ್ತಿತರರು ಒಂದು ಗುಂಪಿಗೆ ಎರಡು ವಾರ, ದಿನಕ್ಕೆ ಅರ್ಧ ಗಂಟೆ ಕರುಣೆಯ ಅಭ್ಯಾಸ ಮಾಡಿಸಿದರು. ಆಪ್ತರು, ತಾನು, ಅಪರಿಚಿತ, ಕಷ್ಟ ಕೊಡುವ ವ್ಯಕ್ತಿ ಎಂಬ, ಬುದ್ಧಘೋಷನದನ್ನೇ ಹೋಲುವ ಮೆಟ್ಟಿಲುಗಳು. ಇನ್ನೊಂದು ಗುಂಪಿಗೆ ತಮ್ಮ ಕಷ್ಟಗಳನ್ನು ಬೇರೆ ದೃಷ್ಟಿಯಿಂದ ನೋಡುವ ತರಬೇತಿ ಕೊಟ್ಟರು. ಆಮೇಲೆ ಹಣದ ಆಟವೊಂದರಲ್ಲಿ ಅನ್ಯಾಯಕ್ಕೆ ಒಳಗಾದ ಅಪರಿಚಿತನಿಗಾಗಿ ಕರುಣೆಯ ಗುಂಪು ಇನ್ನೊಂದು ಗುಂಪಿಗಿಂತ ಸುಮಾರು ಇಮ್ಮಡಿ ಹಣ ಖರ್ಚು ಮಾಡಿತು. ಅಂದರೆ ಮನಸ್ಸನ್ನು ಹಗುರ ಮಾಡುವ ಎಲ್ಲ ಚಿಕಿತ್ಸೆಯೂ ನೆರವಿನ ಕೈಯನ್ನು ಬೆಳೆಸುತ್ತದೆ ಎಂದಲ್ಲ. ಅದಕ್ಕೆ ಬೇರೆಯದೇ ಅಭ್ಯಾಸ ಬೇಕು.

ಅದೇ ವರ್ಷ ಬಾಸ್ಟನ್ನಿನ ಇನ್ನೊಂದು ತಂಡ ಎಂಟು ವಾರ ಧ್ಯಾನ ಕಲಿತವರನ್ನು ಒಬ್ಬೊಬ್ಬರಾಗಿ ಕರೆದು ಕಾಯುವ ಕೋಣೆಯಲ್ಲಿ ಕೂರಿಸಿತು. ಇದ್ದದ್ದು ಮೂರು ಕುರ್ಚಿ, ಎರಡರಲ್ಲಿ ತಂಡದವರೇ ಕೂತಿದ್ದರು. ಆಗ ಊರುಗೋಲು ಹಿಡಿದ ಹೆಂಗಸೊಬ್ಬಳು ನೋವಿನಿಂದ ಮುಖ ಕಿವುಚುತ್ತ ಒಳಗೆ ಬಂದಳು. ಉಳಿದಿಬ್ಬರು ಕಂಡೂ ಕಾಣದಂತೆ ಮೊಬೈಲ್, ಪುಸ್ತಕ ನೋಡುತ್ತ ಕೂತರು. ಧ್ಯಾನ ಕಲಿತವರಲ್ಲಿ ಅರ್ಧದಷ್ಟು ಮಂದಿ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಕಲಿಯದವರಲ್ಲಿ ಶೇ 16 ಮಾತ್ರ. ಪ್ರಯೋಗ ಸಣ್ಣದು, ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಬಾರದು. ಆದರೆ ಜಾಗ ಬಿಟ್ಟುಕೊಡುವ ಪ್ರಶ್ನೆ ನಮಗೆ ತೀರ ಹತ್ತಿರದ್ದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಕೋರಮಂಡಲ್, ಊರಿಗಾಂ, ಬಂಗಾರಪೇಟೆಗಳಿಂದ ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಆ ರೈಲಿನಲ್ಲಿ ಸೀಟು ಎಂದರೆ ನಿದ್ದೆ. ಬಂಗಾರಪೇಟೆ ಬರುವ ಹೊತ್ತಿಗೆ ಒತ್ತಿಕೊಂಡು ನಿಂತ ಜನರ ನಡುವೆ ಬಸುರಿಯೊಬ್ಬಳು ಕಂಬಿ ಹಿಡಿದು ನಿಂತರೆ, ಎದ್ದು ಜಾಗ ಕೊಡುವವನು ಎರಡು ಗಂಟೆಯ ನಿದ್ದೆಯನ್ನೇ ಕೊಡುತ್ತಾನೆ. ಮೊದಲ ಒಬ್ಬ ಎದ್ದರೆ ಎರಡನೆಯವನು ಏಳುವುದು ಸುಲಭ. ಆ ಮೊದಲನೆಯವನನ್ನು ತಯಾರು ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ಇಲ್ಲಿ ತತ್ತ್ವಜ್ಞಾನಿಗಳು ಗಂಭೀರವಾದ ಆಕ್ಷೇಪ ಎತ್ತಬಹುದು. ಮನೆಗೆಲಸವಾಗಿ ಮಾಡಿದ ಸಹಾಯ ಕರುಣೆಯೇ? ಅದು ನಟನೆಯಲ್ಲವೇ? 1785ರಲ್ಲಿ ಇಮ್ಯಾನುಯೆಲ್ ಕಾಂಟ್, ತನ್ನ ದುಃಖದಿಂದಲೇ ಮನಸ್ಸು ಬಾಡಿ, ಯಾರ ಮೇಲೂ ಮರುಕ ಹುಟ್ಟದ ಸ್ಥಿತಿಯಲ್ಲಿಯೂ ಕರ್ತವ್ಯವೆಂದು ನೆರವಾಗುವವನ ಕೆಲಸಕ್ಕೇ ನಿಜವಾದ ನೈತಿಕ ಮೌಲ್ಯ ಎಂದರು. ಅರಿಸ್ಟಾಟಲ್ ಹಾದಿ ಬೇರೆ: ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ, ಕೊನೆಗೆ ಅದರಲ್ಲಿ ಸಂತೋಷಪಡುತ್ತಾನೆ. ಭಗವದ್ಗೀತೆ ಚಂಚಲ ಮನಸ್ಸಿಗೆ ಹೇಳುವ ಮದ್ದಿನಲ್ಲೂ ವೈರಾಗ್ಯದ ಜೊತೆ ಅಭ್ಯಾಸವಿದೆ. 12ನೇ ಶತಮಾನದ ಶರಣರು ದಾಸೋಹವನ್ನು ನಿತ್ಯದ ನಡೆಯಾಗಿಸಿದ್ದೂ ಇದೇ ಅರಿವಿನಿಂದ. ಉಣಬಡಿಸಲು ಒಳಗಿನಿಂದ ಪ್ರೇರಣೆ ಬರಲಿ ಎಂದು ಅವರು ಕಾಯುತ್ತ ಕೂರಲಿಲ್ಲ. ಹಸಿದವನ ಕಡೆಯಿಂದ ನೋಡಿದರೆ ಈ ವಾದ ಬೇಗ ತೀರುತ್ತದೆ. ಬಡಿಸುವವನ ಮನಸ್ಸು ಇವತ್ತು ಒಣಗಿದ್ದರೂ ಅನ್ನ ಅನ್ನವೇ. ದಿನವೂ ಬಡಿಸುವವನ ಮನಸ್ಸು ಹಸಿಯಾಗುವ ಸಾಧ್ಯತೆ, ಬಡಿಸದೆ ಕೂತವನಿಗಿಂತ ಖಂಡಿತ ಹೆಚ್ಚು.

ಆದರೆ ಅಭ್ಯಾಸವನ್ನು ಕೆಡಿಸುವ ಒಂದು ವಿಷವಿದೆ: ಬಹುಮಾನ. ಒಂದೂವರೆ ವರ್ಷದ ಮಗುವೂ ಕೈಯಿಂದ ಜಾರಿದ ವಸ್ತುವನ್ನು ದೊಡ್ಡವರಿಗೆ ತಾನಾಗಿಯೇ ಎತ್ತಿಕೊಡುತ್ತದೆ ಎಂದು ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ತೋರಿಸಿದರು. ನೆರವಿನ ಬೀಜ ಹುಟ್ಟಿನಿಂದಲೇ ಇದೆ ಎಂದಾಯಿತು. 2008ರಲ್ಲಿ ಅವರೇ ಇನ್ನೊಂದನ್ನು ಕಂಡರು: ಎತ್ತಿಕೊಟ್ಟಾಗಲೆಲ್ಲ ಆಟಿಕೆ ಪಡೆದ ಮಕ್ಕಳು, ಆಟಿಕೆ ನಿಂತ ಮೇಲೆ ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ನೆರವಾದರು. ಬಹುಮಾನದಿಂದಲೇ ನಡವಳಿಕೆ ರೂಪಿಸಬಹುದೆಂದು ನಂಬಿದ್ದ ಹಳೆಯ ವರ್ತನಾವಾದಕ್ಕೆ ಇದು ನೇರ ಎಚ್ಚರಿಕೆ. ಆಸ್ಪತ್ರೆಯ ವಾರ್ಡಿನಲ್ಲಿ ಎರಡು ಬಾಳೆಹಣ್ಣು ಕೊಡಲು ಹತ್ತು ಜನ ನಿಂತು ಫೋಟೊ ಹೊಡೆಸಿಕೊಳ್ಳುವ ನಮ್ಮ ಕಾಲದ ರೂಢಿಗೂ ಇದು ಎಚ್ಚರಿಕೆ. ಅಲ್ಲಿ ಕಲಿಯುತ್ತಿರುವುದು ಕರುಣೆಯನ್ನಲ್ಲ. ಹಣ್ಣು ಪಡೆದವನ ಮುಖದ ಮೇಲಿನ ಸಂಕೋಚವನ್ನು ಆ ಫೋಟೊದಲ್ಲಿ ಯಾರೂ ನೋಡುವುದಿಲ್ಲ.

ಇನ್ನೊಂದು ಅಪಾಯ ದಣಿವು. ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆಯರು ಒಂದು ಹಂತದಲ್ಲಿ ಒಳಗೇ ಒಣಗಿಹೋಗುತ್ತಾರೆ. ಜರ್ಮನಿಯ ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕ್ಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೊಬ್ಬರ ನೋವನ್ನು ತಾನೂ ಅನುಭವಿಸುವ ತರಬೇತಿ ಮಾತ್ರ ಪಡೆದವರ ಸಂಕಟ ಹೆಚ್ಚಾಯಿತು. ಅವರಿಗೇ ಆಮೇಲೆ ಮೈತ್ರಿಯ ತರಬೇತಿ ಕೊಟ್ಟಾಗ ಅದು ಇಳಿದು, ಒಳ್ಳೆಯ ಭಾವಗಳು ಹೆಚ್ಚಿದವು. ಮೈತ್ರಿ, ಕರುಣೆ, ಮುದಿತೆಗಳ ಜೊತೆ ಉಪೇಕ್ಷೆಯನ್ನೂ ಬುದ್ಧ ಏಕೆ ಇಟ್ಟ ಎಂಬುದು ಇಲ್ಲಿ ತಿಳಿಯುತ್ತದೆ. ಅದು ಅಲಕ್ಷ್ಯವಲ್ಲ, ಮುಳುಗುವವನನ್ನು ಎತ್ತುವವನು ತಾನೂ ಮುಳುಗದಿರಲು ಬೇಕಾದ ಸಮಚಿತ್ತ.

ಇಷ್ಟೆಲ್ಲ ಕಲಿಸಲು ದೊಡ್ಡ ಡಾಕ್ಟರುಗಳೇ ಬೇಕೇ? ಬೇಡ ಎಂಬುದಕ್ಕೆ ಗೋವಾದಲ್ಲಿ ಒಳ್ಳೆಯ ಪುರಾವೆ ಇದೆ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ತೀವ್ರ ಖಿನ್ನತೆಯ ರೋಗಿಗಳಿಗೆ ವರ್ತನೆಯನ್ನು ಮತ್ತೆ ಚಾಲೂ ಮಾಡುವ ಚಿಕಿತ್ಸೆಯನ್ನು, ಮನೋವೈದ್ಯಕೀಯ ಓದದ ಸಾಮಾನ್ಯ ಆಪ್ತಸಲಹೆಗಾರರಿಂದ ಆರೆಂಟು ಭೇಟಿಗಳಲ್ಲಿ ಕೊಡಿಸಿದರು. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯದೆ ಮಾಡಿ, ಮನಸ್ಸು ಹಿಂದೆ ಬರುತ್ತದೆ ಎಂಬುದೇ ಆ ಚಿಕಿತ್ಸೆಯ ತಿರುಳು. ಮಾಮೂಲಿ ಆರೈಕೆ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಂದಿ ಚೇತರಿಸಿಕೊಂಡರು. ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲೂ ಬುನಾದಿ ಇದೆ. ನಿಮ್ಹಾನ್ಸ್ ಹತ್ತಿರದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ ಹತ್ತು ಜೀವನ ಕೌಶಲಗಳಲ್ಲಿ ಸಹಾನುಭೂತಿಯೂ ಒಂದು. ಶಾಲೆಗಳಿಗಾಗಿ ಆ ಪಾಠಗಳನ್ನು ನಿಮ್ಹಾನ್ಸ್ ರೂಪಿಸಿದೆ. ರಾಜ್ಯ ಸರ್ಕಾರದ ಯುವಸ್ಪಂದನ ಕೇಂದ್ರಗಳಲ್ಲಿ ತರಬೇತಿ ಪಡೆದ ಯುವಕ ಯುವತಿಯರೇ ತಮ್ಮ ಓರಗೆಯವರ ಮಾತಿಗೆ ಕಿವಿಯಾಗುತ್ತಾರೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ.

ಇಲ್ಲದಿರುವುದು ಇವುಗಳಿಗೂ ಧಾರ್ಮಿಕ ಸಂಸ್ಥೆಗಳಿಗೂ ನಡುವಿನ ಸೇತುವೆ. ಮಾರಿಕುಪ್ಪಂ ಸೇರಿದ ಕೋಲಾರ ಚಿನ್ನದ ಗಣಿ ಪ್ರದೇಶ ಕೆಜಿಎಫ್‌ನಲ್ಲಿ ಬೌದ್ಧ ವಿಹಾರಗಳಿವೆ, ಶತಮಾನ ದಾಟಿದ ಚರ್ಚುಗಳಿವೆ, ಮಸೀದಿಗಳಿವೆ, ದೇವಸ್ಥಾನಗಳಿವೆ. ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರು ಒಂದೇ ಲೈನಿನಲ್ಲಿ ಬದುಕುತ್ತಾರೆ. ಅಲ್ಲೇ ದೂಳು ತಿಂದ ಶ್ವಾಸಕೋಶದ ಮುದುಕರಿದ್ದಾರೆ, ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಇಡೀ ಹಗಲು ಒಂಟಿಯಾಗಿರುವವರಿದ್ದಾರೆ. ಕರುಣೆಯ ಮೇಲೆ ಉಪನ್ಯಾಸಗಳು ಎಲ್ಲ ಕಡೆಯೂ ಬೇಕಾದಷ್ಟು ನಡೆಯುತ್ತವೆ. ಪ್ರತಿ ಪ್ರಾರ್ಥನಾ ಮಂದಿರವೂ, ಪ್ರತಿ ಪ್ರೌಢಶಾಲೆಯೂ ಉಪನ್ಯಾಸದ ಜೊತೆಗೆ ಪಾಳಿಯ ಪಟ್ಟಿಯೊಂದನ್ನು ಗೋಡೆಗೆ ಹಚ್ಚಲಿ: ಈ ವಾರ ಯಾರ ಮನೆಗೆ ಯಾರು ಹೋಗುತ್ತಾರೆ, ಯಾರ ಔಷಧಿ ಯಾರು ತರುತ್ತಾರೆ, ಯಾರ ಮಾತನ್ನು ಯಾರು ಅರ್ಧ ಗಂಟೆ ಕೂತು ಕೇಳಿಸಿಕೊಳ್ಳುತ್ತಾರೆ. ಹಿರಿಯರು ಮೊದಲು ಹೋಗಿ ಮಕ್ಕಳಿಗೆ ತೋರಿಸಲಿ. ಫೋಟೊ ಬೇಡ. ಮೊದಲ ತಿಂಗಳು ಮನಸ್ಸು ಒಪ್ಪದಿದ್ದರೂ ಹೋಗಿಬರಲಿ.